ಹಳೆಯ ಸವಾರಿ ಚಕ್ಕಡಿ: ಮುರಿದು ಮಾರುವ ಮೊದಲು



ಸೊಲ್ಲಾಪುರದಿಂದ ವಿಜಾಪುರ ರಸ್ತೆ ಹಿಡಿದು ಹೋಗಿರಿ, ಇಲ್ಲಾ ಅಕ್ಕಲಕೋಟ ಕಡೆ ಹೋಗಿರಿ. ದಾರಿಯ ಹಳ್ಳಿಗಳಲ್ಲಿ ಎಷ್ಟೋ ಮನೆಗಳ ಮಾತು ಕನ್ನಡ. ಅಂಥ ಹಳೆಯ ಮನೆಗಳ ಹಿತ್ತಲದಾಗ, ಬೇವಿನ ಗಿಡದ ಕೆಳಗೆ ಒಂದು ಚಕ್ಕಡಿ ನಿಂತಿರುತ್ತದೆ. ನೊಗ ನೆಲಕ್ಕೆ ತಾಗಿರುತ್ತದೆ. ಕಮಾನಿನ ಬಿದಿರು ಮುರಿದಿರುತ್ತದೆ. ಕೋಳಿಗಳು ಅದರ ಕೆಳಗೆ ಮಲಗಿರುತ್ತವೆ.

ಒಂದು ದಿನ ಯಾರೋ ಬಂದು ಕೇಳುತ್ತಾರೆ: “ಈ ಗಾಲಿ ಕೊಡ್ತೀರೇನ್ರಿ? ಹೋಟೆಲ್ಲಿನ ಬಾಗಿಲಿಗೆ ಇಡಾಕ ಬೇಕಾಗ್ಯಾವ.” ಮನೆಯವರು ಹೇಳಿದ ದರಕ್ಕೆ ಕೊಟ್ಟುಬಿಡುತ್ತಾರೆ. ಉಳಿದ ಕಟ್ಟಿಗೆ ಒಲೆಗೆ ಹೋಗುತ್ತದೆ.

ಮಾರಬೇಡಿರಿ ಅಂತ ನಾವು ಹೇಳುವುದಿಲ್ಲ. ಚಕ್ಕಡಿ ನಿಮ್ಮದು, ಇಚ್ಛೆಯೂ ನಿಮ್ಮದು. ಆದರೆ ಮಾರುವ ಮೊದಲು ಅದರೊಳಗೆ ಏನು ಉಳಿದಿದೆ ಎಂದು ನೋಡುವುದು ಲೇಸು. ದುರಸ್ತಿ ಮಾಡಿದರೆ ಅದು ಇನ್ನೂ ಎಷ್ಟೋ ವರ್ಷ ಬಾಳಬಹುದು. ಹೇಗೆ ನೋಡಬೇಕು, ಹೇಗೆ ಬರೆದಿಡಬೇಕು, ರಸ್ತೆಗೆ ಇಳಿಸುವ ಮೊದಲು ಏನು ಮಾಡಬೇಕು ಎಂಬುದೇ ಈ ಪಾಠ.

1. ಸವಾರಿ ಚಕ್ಕಡಿ ಅಂದರೆ ದಾರಿಯ ಮನೆ

ಗೊಬ್ಬರ ಹೇರುವ ಚಕ್ಕಡಿ ಬೇರೆ, ಸವಾರಿ ಚಕ್ಕಡಿ ಬೇರೆ. ಸವಾರಿ ಚಕ್ಕಡಿಗೆ ಬಿದಿರಿನ ಕಮಾನು ಇರುತ್ತದೆ. ಕಮಾನಿನ ಮೇಲೆ ಚಾಪೆ ಅಥವಾ ತಾಡಪತ್ರಿ. ಒಳಗೆ ಕಣಿಕೆ ಹಾಸಿ, ಮೇಲೆ ಕೌದಿ ಇಲ್ಲವೆ ಸೊಲ್ಲಾಪುರ ಚಾದರ ಹಾಸುತ್ತಾರೆ. ಹೆಂಗಸರು, ಮಕ್ಕಳು, ಮುದುಕರು ಒಳಗೆ ಕೂಡುತ್ತಾರೆ. ಬುತ್ತಿ, ನೀರಿನ ಕೊಡ, ಎತ್ತಿನ ಮೇವು ಎಲ್ಲವೂ ಜೊತೆಗೇ.

ಹಿಂದೆ ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಗೆ ಸುತ್ತಲ ಹಳ್ಳಿಯವರು ಚಕ್ಕಡಿ ಹೂಡಿಕೊಂಡು ಬರುತ್ತಿದ್ದರು. ಸಿದ್ಧರಾಮೇಶ್ವರರು 12ನೆಯ ಶತಮಾನದ ಶರಣರು, ಕನ್ನಡದಲ್ಲಿ ವಚನ ಬರೆದವರು. ಬೆಳಗಾವಿ ಜಿಲ್ಲೆಯ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೂ ಹುಣ್ಣಿಮೆ ಜಾತ್ರೆಗೆ ಚಕ್ಕಡಿಗಳು ಸಾಲು ಹಿಡಿದು ಹೋಗುತ್ತವೆ. ಎಳ್ಳ ಅಮಾಸಿಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಎಲ್ಲರೂ ಕೂಡಿ ಉಣ್ಣುವುದು ನಿಮಗೆ ಗೊತ್ತೇ ಇದೆ.

ಚಕ್ಕಡಿಯಲ್ಲಿ ಮಲಗಲು ಜಾಗ ಯಾಕೆ ಬೇಕಿತ್ತು? ಲೆಕ್ಕ ಮಾಡೋಣ.

ಎತ್ತಿನ ಜೋಡಿ ತಾಸಿಗೆ ಸುಮಾರು 4 ಕಿ.ಮೀ. ನಡೆಯುತ್ತದೆ ಎಂದು ಹಿಡಿಯಿರಿ.
ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಸುಮಾರು 40 ಕಿ.ಮೀ.
40 ÷ 4 = 10 ತಾಸು.

ಎತ್ತುಗಳನ್ನು ದಿನಕ್ಕೆ 9 ತಾಸಿಗಿಂತ ಹೆಚ್ಚು ಹೊಡೆಯಬಾರದು ಎಂದು 1965ರ ಸರ್ಕಾರಿ ನಿಯಮವಿದೆ. ಅಂದರೆ ಅಕ್ಕಲಕೋಟಕ್ಕೆ ಹೋಗಲೂ ದಾರಿಯಲ್ಲಿ ಒಂದು ರಾತ್ರಿ ತಂಗಬೇಕು. ವಿಜಾಪುರ ಸುಮಾರು 100 ಕಿ.ಮೀ. 25 ತಾಸು ಬೇಕು. ಮೂರು ದಿನದ ಹಾದಿ, ಎರಡು ರಾತ್ರಿಯ ವಸ್ತಿ. ಆದ್ದರಿಂದಲೇ ಚಕ್ಕಡಿಗೆ ಮಾಡು ಬಂತು.

2. ಬೇರೆ ದೇಶದವರೂ ಹೀಗೇ ಮಾಡಿದರು

ಗಾಲಿಯ ಮೇಲೆ ಮನೆ ಕಟ್ಟುವುದು ನಮ್ಮಲ್ಲಿ ಅಷ್ಟೇ ಅಲ್ಲ. 1885ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಕಾರಖಾನೆಯಲ್ಲಿ ಡಾಕ್ಟರ್ ಗಾರ್ಡನ್ ಸ್ಟೇಬಲ್ಸ್ ಎಂಬವರು ಒಂದು ಗಾಡಿ ಮಾಡಿಸಿದರು. ಅದು 18 ಅಡಿ ಉದ್ದ. ಎರಡು ಕುದುರೆ ಎಳೆಯುತ್ತಿದ್ದವು. ಹೊಟ್ಟೆಪಾಡಿಗಲ್ಲ, ಊರು ನೋಡುವ ಸಂತೋಷಕ್ಕೆ ಅಂತಲೇ ಮಾಡಿಸಿದ ಗಾಡಿ ಅದು. ಅದರ ಹೆಸರು ‘ವಾಂಡರರ್’, ಅಂದರೆ ತಿರುಗಾಡುವವ. ಅದನ್ನು ಇಂದಿಗೂ ಜೋಪಾನ ಮಾಡಿ ಇಟ್ಟಿದ್ದಾರೆ.

ಆಮೇಲೆ ಕುದುರೆಯ ಜಾಗಕ್ಕೆ ಮೋಟಾರು ಬಂತು. 1936ರಲ್ಲಿ ಅಮೆರಿಕದಲ್ಲಿ ‘ಏರ್‌ಸ್ಟ್ರೀಮ್’ ಕಂಪನಿಯು ಅಲ್ಯುಮಿನಿಯಂ ತಗಡಿನ ‘ಕ್ಲಿಪ್ಪರ್’ ಎಂಬ ಟ್ರೇಲರ್ ಮಾಡಿತು. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಸಣ್ಣ ಮನೆ ಎನ್ನಿರಿ. ಅಂಥ ಐವತ್ತು, ಅರವತ್ತು ವರ್ಷದ ಹಳೆಯ ಟ್ರೇಲರುಗಳನ್ನು ಹುಡುಕಿ ತಂದು ದುರಸ್ತಿ ಮಾಡುವ ಜನ ಅಲ್ಲಿ ಬಹಳ ಇದ್ದಾರೆ.

ಅವರ ಕೆಲಸದ ಕ್ರಮ ನಮಗೂ ಉಪಯೋಗಕ್ಕೆ ಬರುತ್ತದೆ. ಮೊದಲು ಅಚ್ಚು, ಗಾಲಿ, ತಳ. ಆಮೇಲೆ ನೀರು ಸೋರುವ ಜಾಗ. ಬಣ್ಣ ಎಲ್ಲಕ್ಕೂ ಕಡೆಗೆ. ಬಣ್ಣ ಮೊದಲು ಹಚ್ಚಿದರೆ ಹುಳುಕು ಮುಚ್ಚಿಹೋಗುತ್ತದೆ. ಮುಚ್ಚಿದ ಹುಳುಕು ದಾರಿಯಲ್ಲಿ ಕೈ ಕೊಡುತ್ತದೆ.

3. ಮೊದಲು ನೋಡಿರಿ, ನೋಡಿದ್ದನ್ನು ಬರೆಯಿರಿ

ಒಂದು ವಹಿ, ಒಂದು ಪೆನ್ಸಿಲ್, ಅಳತೆ ಪಟ್ಟಿ, ಸಣ್ಣ ಸುತ್ತಿಗೆ, ಒಂದು ದಬ್ಬಳ ತೆಗೆದುಕೊಳ್ಳಿರಿ.

ಚಕ್ಕಡಿಯ ತಳಕ್ಕೆ ಎರಡೂ ಕಡೆ ಗಟ್ಟಿ ಆಸರೆ ಕೊಡಿರಿ. ಬರೇ ಒಂದು ಕೋಲಿನ ಮೇಲೆ ನಿಂತ ಚಕ್ಕಡಿಯ ಕೆಳಗೆ ನುಸುಳಬೇಡಿರಿ. ಮಕ್ಕಳನ್ನು ದೂರ ಇಡಿರಿ.

ಈಗ ಕಟ್ಟಿಗೆಯನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ. ಗಟ್ಟಿ ಕಟ್ಟಿಗೆ ಗಟ್ಟಿ ಸಪ್ಪಳ ಮಾಡುತ್ತದೆ. ಗೆದ್ದಲು ತಿಂದ ಕಟ್ಟಿಗೆ ಬೋಳು ಸಪ್ಪಳ ಮಾಡುತ್ತದೆ. ಸಂಶಯ ಬಂದಲ್ಲಿ ದಬ್ಬಳ ಒತ್ತಿರಿ. ಅದು ಸಲೀಸಾಗಿ ಒಳಗೆ ಹೋದರೆ ಆ ತುಂಡು ಕೆಟ್ಟಿದೆ.

ವಹಿಯಲ್ಲಿ ಮೂರು ಕಾಲಮು ಹಾಕಿರಿ:

ಭಾಗ – ಹೇಗಿದೆ? – ಏನು ಮಾಡಬೇಕು?
ಎಡ ಗಾಲಿ – ಎರಡು ಅರ ಸಡಿಲ – ಬಡಿಗೇರಗೆ ತೋರಿಸಬೇಕು
ಬಲ ಗಾಲಿ – ಗಟ್ಟಿ – ಹಾಗೇ ಇರಲಿ
ಮೂಕಿ – ಬುಡದಲ್ಲಿ ಗೆದ್ದಲು – ಹೊಸದು ಹಾಕಬೇಕು
ಕಮಾನು – ಮುರಿದಿದೆ – ಮನೆಯಲ್ಲೇ ಮಾಡಬಹುದು

ಬಿಚ್ಚುವ ಮೊದಲು ಪ್ರತಿ ಭಾಗದ ಮೇಲೆ ಸುಣ್ಣದ ಕಡ್ಡಿಯಿಂದ ಗುರುತು ಬರೆಯಿರಿ: ‘ಎಡ 1’, ‘ಎಡ 2’, ‘ಬಲ 1’. ಮೊಬೈಲು ಇದ್ದರೆ ಫೋಟೊ ತೆಗೆಯಿರಿ. ಹಳೆಯ ಚಕ್ಕಡಿಯ ಒಂದು ಕೀಲು ಇನ್ನೊಂದು ತೂತಿಗೆ ಸರಿ ಕೂಡುವುದಿಲ್ಲ. ಎಲ್ಲವೂ ಕೈಯಿಂದ ಮಾಡಿದ್ದು ನೋಡ್ರಿ. ಕಲಿತ ಅಕ್ಷರ ಕೆಲಸಕ್ಕೆ ಬರುವುದು ಇಂಥಲ್ಲೇ.

4. ಗಾಲಿ ಚಕ್ಕಡಿಯ ಜೀವ

ಕಟ್ಟಿಗೆ ಗಾಲಿಯಲ್ಲಿ ನಾಲ್ಕು ಮುಖ್ಯ ಭಾಗಗಳಿವೆ. ನಡುವೆ ಗುಂಬ. ಗುಂಬದಿಂದ ಹೊರಗೆ ಚಾಚಿದ ಅರಗಳು. ಅರಗಳ ತುದಿಗೆ ಸುತ್ತಲೂ ಕೂಡಿಸಿದ ಕಟ್ಟಿಗೆ ತುಂಡುಗಳು. ಎಲ್ಲದರ ಹೊರಗೆ ಕಬ್ಬಿಣದ ಪಟ್ಟಿ. ಅದಕ್ಕೆ ಹಳಿ ಎನ್ನುತ್ತಾರೆ. ಎಷ್ಟೋ ಗಾಲಿಗಳಿಗೆ 12 ಅರ, 6 ತುಂಡು ಇರುತ್ತವೆ. ಒಂದು ತುಂಡಿಗೆ ಎರಡು ಅರ. ನಮ್ಮ ಕಡೆ ಗಾಲಿಗೆ ಜಾಲಿ ಕಟ್ಟಿಗೆ ಬಹಳ ಬಳಸುತ್ತಾರೆ. ಅದು ಗಟ್ಟಿ, ಬೇಗ ಸೀಳುವುದಿಲ್ಲ.

ಗುಂಬ ಸೀಳಿದ್ದರೆ ಆ ಗಾಲಿಯ ಆಯುಷ್ಯ ಮುಗಿದಂತೆ. ಅರ ಒಂದೆರಡು ಕೆಟ್ಟಿದ್ದರೆ ಬಡಿಗೇರರು ಬದಲಿ ಹಾಕುತ್ತಾರೆ.

ಬೇಸಿಗೆಯಲ್ಲಿ ಕಟ್ಟಿಗೆ ಒಣಗಿ ಕುಗ್ಗುತ್ತದೆ. ಆಗ ಹಳಿ ಸಡಿಲಾಗಿ ಗಾಲಿ ಕಟಕಟ ಎನ್ನುತ್ತದೆ. ಕೆಲವರು ಗಾಲಿಯನ್ನು ನೀರಿನಲ್ಲಿ ನೆನೆಸುತ್ತಾರೆ. ಕಟ್ಟಿಗೆ ಉಬ್ಬಿ ಬಿಗಿಯಾಗುತ್ತದೆ. ಆದರೆ ಇದು ನಾಲ್ಕು ದಿನದ ಉಪಾಯ. ಒಣಗಿದ ಮೇಲೆ ಮತ್ತೆ ಸಡಿಲ. ಹಳೆಯ ಚಕ್ಕಡಿ ಕೊಳ್ಳುವವರು ಮಳೆಗಾಲದಲ್ಲಿ ನೋಡಿ ಮೋಸ ಹೋಗಬಾರದು. ಬೇಸಿಗೆಯಲ್ಲಿ ಬಿಗಿ ಇದ್ದ ಗಾಲಿಯೇ ನಿಜವಾಗಿ ಗಟ್ಟಿ.

ಸರಿಯಾದ ಉಪಾಯ ಹಳಿಯನ್ನು ಬಿಗಿ ಮಾಡಿಸುವುದು. ಕಂಬಾರರು ಹಳಿಯನ್ನು ಬಿಚ್ಚಿ, ಸ್ವಲ್ಪ ಸಣ್ಣದು ಮಾಡಿ ಬೆಸೆಯುತ್ತಾರೆ. ಸುತ್ತಲೂ ಕುಳ್ಳು ಒಟ್ಟಿ ಕೆಂಪಗೆ ಕಾಸುತ್ತಾರೆ. ಕಾದ ಕಬ್ಬಿಣ ಹಿಗ್ಗುತ್ತದೆ. ಹಿಗ್ಗಿದ ಹಳಿಯನ್ನು ಗಾಲಿಗೆ ತೊಡಿಸಿ ಕೂಡಲೇ ನೀರು ಹೊಯ್ಯುತ್ತಾರೆ. ತಣ್ಣಗಾದ ಕಬ್ಬಿಣ ಕುಗ್ಗಿ ಎಲ್ಲ ಕಟ್ಟಿಗೆಯನ್ನೂ ಒಳಗೆ ಅವುಚಿ ಹಿಡಿಯುತ್ತದೆ.

ಲೆಕ್ಕ: ಗಾಲಿಯ ಎತ್ತರ 5 ಅಡಿ ಇದ್ದರೆ ಹಳಿಯ ಉದ್ದ ಎಷ್ಟು? 5 × 22 ÷ 7. ಸುಮಾರು 15 ಅಡಿ 8 ಅಂಗುಲ. ಇಷ್ಟು ಉದ್ದದ ಹಳಿ ಕೆಂಪಗೆ ಕಾದಾಗ ಒಂದು ಅಂಗುಲಕ್ಕಿಂತ ಹೆಚ್ಚು ಹಿಗ್ಗುತ್ತದೆ. ಆ ಒಂದು ಅಂಗುಲದಲ್ಲೇ ಕಂಬಾರರ ವಿದ್ಯೆ ಇದೆ. ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿರಿ. ಕೈ ಕಾಲು ಸುಡುತ್ತವೆ, ಗಾಲಿಯೂ ಸುಡುತ್ತದೆ.

5. ಅಚ್ಚು, ಕಡಾಣಿ, ಮೂಕಿ, ನೊಗ

ಗಾಲಿ ತಿರುಗುವುದು ಅಚ್ಚಿನ ಮೇಲೆ. ಗಾಲಿ ಹೊರಗೆ ಜಾರದಂತೆ ತಡೆಯುವ ಸಣ್ಣ ಕಬ್ಬಿಣದ ಮೊಳೆಯೇ ಕಡಾಣಿ. ಮೊಳೆ ಸಣ್ಣದು, ಕೆಲಸ ದೊಡ್ಡದು. ಸವೆದ ಕಡಾಣಿಯನ್ನು ಬದಲಿಸಿರಿ. ತಂತಿ ಸುತ್ತಿ ದಿನ ನೂಕಬೇಡಿರಿ.

ಗಾಲಿಯನ್ನು ನೆಲದಿಂದ ಎತ್ತಿ ಅಲುಗಾಡಿಸಿ ನೋಡಿರಿ. ಬಹಳ ಅಲುಗಿದರೆ ಗುಂಬದೊಳಗಿನ ಕಬ್ಬಿಣ ಇಲ್ಲವೆ ಅಚ್ಚು ಸವೆದಿದೆ. ಕೀಲೆಣ್ಣೆ ಹಾಕುವ ಮೊದಲು ಹಳೆಯ ಜಿಡ್ಡು, ಮಣ್ಣು ಒರೆಸಿ ತೆಗೆಯಿರಿ. ಮಣ್ಣಿನ ಮೇಲೆ ಎಣ್ಣೆ ಹಾಕಿದರೆ ಅದು ಅರದಂತೆ ಉಜ್ಜಿ ಕಬ್ಬಿಣವನ್ನು ತಿನ್ನುತ್ತದೆ.

ನೊಗವನ್ನು ಕೈಯಿಂದ ಸವರಿ ನೋಡಿರಿ. ಸೀಳು, ಮೊಳೆ, ಮುಳ್ಳು ಇದ್ದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಕೊರಳ ಜತ್ತಿಗೆ ಹಳೆಯದಾಗಿದ್ದರೆ ಹೊಸದು ಹಾಕಿರಿ.

ತೂಕವನ್ನೂ ನೋಡಬೇಕು. ಚಕ್ಕಡಿಯನ್ನು ಸಮ ಮಾಡಿ ನೊಗವನ್ನು ಎತ್ತಿರಿ. ಮುಂದೆ ತುಸು ಭಾರ ಇರಬೇಕು, ಆದರೆ ಒಬ್ಬರೇ ಎತ್ತುವಷ್ಟು ಹಗುರ ಇರಬೇಕು. ಮುಂದೆ ಬಹಳ ಭಾರವಾದರೆ ಎತ್ತಿನ ಹೆಗಲ ಮೇಲೆ ಬೀಳುತ್ತದೆ. ಹಿಂದೆ ಭಾರವಾದರೆ ಮೂಕಿ ಮೇಲೆದ್ದು ಜತ್ತಿಗೆ ಕೊರಳನ್ನು ಬಿಗಿಯುತ್ತದೆ.

6. ಕಮಾನು, ಹೊದಿಕೆ, ಬಣ್ಣ

ಕಮಾನಿಗೆ ಹಸಿ ಬಿದಿರು ಬಾಗಿಸುವುದು ಸುಲಭ. ಎರಡೂ ತುದಿ ಸಮ ಎತ್ತರ ಇರಲಿ. ತಾಡಪತ್ರಿ ಮೇಲಿನ ನೀರು ಹೊರಗೆ ಹರಿಯಬೇಕು. ಚಕ್ಕಡಿಯ ತಳಕ್ಕೆ ಹನಿ ಬಿದ್ದರೆ ಅಲ್ಲಿಂದಲೇ ಕಟ್ಟಿಗೆ ಕೊಳೆಯುತ್ತದೆ.

ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಸೀಸ ವಿಷ. ಅದರ ಧೂಳು ಮಕ್ಕಳ ಮೆದುಳಿಗೆ ಕೆಟ್ಟದ್ದು. ಒಣಗಿದ ಬಣ್ಣವನ್ನು ಕೆರೆಯಬೇಡಿರಿ. ನೀರು ಹಚ್ಚಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆರೆಯಿರಿ. ಬಿದ್ದ ಪುಡಿಯನ್ನು ಕೂಡಿಸಿ ಬೇರೆ ಇಡಿರಿ, ಒಲೆಗೆ ಹಾಕಬೇಡಿರಿ.

ಕಟ್ಟಿಗೆಗೆ ಅಗಸಿ ಎಣ್ಣೆ ಹಚ್ಚಿದರೆ ಬಾಳಿಕೆ ಬರುತ್ತದೆ. ಆದರೆ ಒಂದು ಎಚ್ಚರಿಕೆ. ಅಗಸಿ ಎಣ್ಣೆಯಲ್ಲಿ ನೆನೆದ ಅರಿವೆಯನ್ನು ಮುದ್ದೆ ಮಾಡಿ ಒಗೆದರೆ ಅದು ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಕಡ್ಡಿ ಗೀರುವುದೇ ಬೇಡ. ಅಂಥ ಅರಿವೆಯನ್ನು ನೀರಿನಲ್ಲಿ ಅದ್ದಿ ಇಡಿರಿ.

7. ಸಂಭಾಷಣೆ: ಮಾತು ಹಾಳೆಯ ಮೇಲೆ ಇರಲಿ

(ಇಬ್ಬರು ಕೂಡಿ ಗಟ್ಟಿಯಾಗಿ ಓದಿರಿ.)

ತಂಗಿ: ಬಡಿಗೇರ ಕಾಕಾ, ನಮ್ಮ ಅತ್ತಿಯವರ ಚಕ್ಕಡಿ ನೋಡಿದ್ರೆಲ್ಲ, ಏನಂತೀರಿ?

ಬಡಿಗೇರ: ಗಾಲಿ ಎರಡೂ ಚಲೋ ಅದಾವವ್ವ. ಮೂಕಿ ಮಾತ್ರ ಹೋಗೇತಿ.

ತಂಗಿ: ಹಂಗಾದ್ರ ಮಾಡಿಸೋದು ಲಾಭ ಏನ್ರಿ?

ಬಡಿಗೇರ: ಗಾಲಿ ಗಟ್ಟಿ ಇದ್ರ ಮಾಡಸ್ರಿ. ಗಾಲಿ ಎರಡೂ ಹೋಗಿ ಅಚ್ಚೂ ಸವದಿದ್ರ ನಾನ ಬ್ಯಾಡ ಅಂತಿದ್ದೆ.

ತಂಗಿ: ಸರಿ ಕಾಕಾ. ಏನೇನು ಕೆಲಸ, ಎಷ್ಟು ಕೂಲಿ, ಯಾವ ದಿನ ಕೊಡ್ತೀರಿ, ಬರಕೊಳ್ಳಲೇನ್ರಿ? ಮುಂಗಡ ಕೊಟ್ಟದ್ದೂ ಬರೀತೀನಿ.

ಬಡಿಗೇರ: ಬರಕೋ ತಂಗಿ. ಬರದದ್ದು ಇದ್ರ ನನಗೂ ನೆನಪು, ನಿನಗೂ ನೆನಪು. ಆಮ್ಯಾಲ ಮಾತಿಗೆ ಮಾತು ಬೆಳಿಯೂದಿಲ್ಲ.

8. ವಿಜಾಪುರ ರಸ್ತೆ ಈಗ ಮೊದಲಿನದಲ್ಲ

ಚಕ್ಕಡಿ ಹಳೆಯದೇ ಇದೆ, ರಸ್ತೆ ಹೊಸದಾಗಿದೆ. ಮೊದಲು ಇದು ರಾಷ್ಟ್ರೀಯ ಹೆದ್ದಾರಿ 13 ಆಗಿತ್ತು. ಈಗ ಹೆದ್ದಾರಿ 52. ನಾಲ್ಕು ಪಥದ ರಸ್ತೆ. 2021ರ ಫೆಬ್ರುವರಿಯಲ್ಲಿ ಈ ಸೊಲ್ಲಾಪುರ–ವಿಜಾಪುರ ಹೆದ್ದಾರಿಯ ಒಂದು ಪಥಕ್ಕೆ 25.54 ಕಿ.ಮೀ. ಡಾಂಬರನ್ನು 18 ತಾಸಿನಲ್ಲಿ ಹಾಕಿದರು. ಅದು ಆಗ ದೊಡ್ಡ ಸುದ್ದಿಯಾಗಿತ್ತು. ಅಷ್ಟೇ ದೂರ ನಡೆಯಲು ನಮ್ಮ ಚಕ್ಕಡಿಗೆ ಆರು ತಾಸಿನ ಮೇಲೆ ಬೇಕು. ಇಂಥ ರಸ್ತೆಯಲ್ಲಿ ಮೆಲ್ಲಗೆ ಹೋಗುವವರಿಗೆ ಅಪಾಯ ಬರುವುದು ಹಿಂದಿನಿಂದ.

ಲೆಕ್ಕ: ಒಂದು ಕಾರು ತಾಸಿಗೆ 80 ಕಿ.ಮೀ. ವೇಗದಲ್ಲಿ ಬರುತ್ತಿದೆ. 80 ಕಿ.ಮೀ. ಅಂದರೆ 80,000 ಮೀಟರ್. ಒಂದು ತಾಸಿಗೆ 3,600 ಸೆಕೆಂಡು. 80,000 ÷ 3,600 = ಸುಮಾರು 22. ಅಂದರೆ ಕಣ್ಣು ಮಿಟುಕಿಸಿ ತೆರೆಯುವುದರೊಳಗೆ ಅದು ಮೀಟರುಗಟ್ಟಲೆ ಮುಂದೆ ಬಂದಿರುತ್ತದೆ. ಚಾಲಕನು ನಿಮ್ಮನ್ನು ಕಂಡು, ಬ್ರೇಕ್ ಒತ್ತಿ, ಕಾರು ನಿಲ್ಲಲು ಒಣ ರಸ್ತೆಯಲ್ಲೂ ಸುಮಾರು 70 ಮೀಟರ್ ಬೇಕು. ತುಂಬಿದ ಲಾರಿಗೆ ಇನ್ನೂ ಹೆಚ್ಚು. ತಗ್ಗಿಸಿದ ಹೆಡ್‌ಲೈಟಿನಲ್ಲಿ ಕಪ್ಪು ಚಕ್ಕಡಿ ಅಷ್ಟು ದೂರದಿಂದ ಕಾಣುವುದು ಕಷ್ಟ.

ಆದ್ದರಿಂದ ದುರಸ್ತಿಯಲ್ಲಿ ರಿಫ್ಲೆಕ್ಟರ್ ಸೇರದಿದ್ದರೆ ಆ ದುರಸ್ತಿ ಅರ್ಧವೇ.

• ಹಿಂದುಗಡೆ ಎಡ ತುದಿಗೆ ಒಂದು, ಬಲ ತುದಿಗೆ ಒಂದು ಕೆಂಪು ರಿಫ್ಲೆಕ್ಟರ್ ಹಚ್ಚಿರಿ. ಚಕ್ಕಡಿ ಎಷ್ಟು ಅಗಲ ಇದೆ ಎಂದು ಹಿಂದಿನವರಿಗೆ ತಿಳಿಯಬೇಕು.
• ಮುಂದೆ ಬಿಳಿ ಬಣ್ಣದ್ದು ಹಚ್ಚಿರಿ. ಗಾಲಿಯ ಅರಗಳಿಗೂ ಒಂದೊಂದು ತುಂಡು ಅಂಟಿಸಿದರೆ ಅಡ್ಡ ದಾಟುವಾಗ ಕಾಣುತ್ತದೆ.
• ತಾಡಪತ್ರಿಯ ಸೆರಗು, ಮೇವಿನ ಸಿವುಡು ಅದನ್ನು ಮುಚ್ಚಬಾರದು. ಧೂಳನ್ನು ಆಗಾಗ ಒರೆಸಿರಿ.
• ರಾತ್ರಿ ಹೆದ್ದಾರಿ ಬೇಡ. ಒಳದಾರಿ, ಇಲ್ಲವೆ ಬದಿಯ ಸರ್ವಿಸ್ ರಸ್ತೆ ಹಿಡಿಯಿರಿ. ಹತ್ತಿರ ಆಗುತ್ತದೆ ಎಂದು ಎದುರು ಬರುವ ವಾಹನಗಳ ಪಥದಲ್ಲಿ ಹೋಗಬೇಡಿರಿ.
• ವಸ್ತಿ ಮಾಡುವಾಗ ಚಕ್ಕಡಿಯನ್ನು ರಸ್ತೆಯಿಂದ ದೂರ ಬಿಡಿರಿ. ಒಲೆಯನ್ನು ಕಣಿಕೆಯಿಂದ ದೂರ ಹೂಡಿರಿ. ಕಮಾನಿನೊಳಗೆ ಕಂದೀಲು ಬೇಡ, ಬ್ಯಾಟರಿ ಸಾಕು.

ರಿಫ್ಲೆಕ್ಟರ್ ಪರೀಕ್ಷೆ ಹೀಗೆ ಮಾಡಿರಿ. ಕತ್ತಲಾದ ಮೇಲೆ 100 ಹೆಜ್ಜೆ ದೂರ ನಿಲ್ಲಿರಿ. ಬ್ಯಾಟರಿಯನ್ನು ಕಣ್ಣಿನ ಪಕ್ಕದಲ್ಲೇ ಹಿಡಿದು ಬೆಳಕು ಬಿಡಿರಿ. ರಿಫ್ಲೆಕ್ಟರ್ ಬೆಳಕನ್ನು ಬಂದ ದಾರಿಗೇ ತಿರುಗಿ ಕಳಿಸುತ್ತದೆ. ಅದಕ್ಕೇ ಬ್ಯಾಟರಿ ಕಣ್ಣಿನ ಹತ್ತಿರ ಬೇಕು. ಕೆಂಡದಂತೆ ಹೊಳೆದರೆ ಸರಿ. ಮಂಕಾಗಿದ್ದರೆ ಬದಲಿಸಿರಿ.

9. ಎತ್ತಿಗೂ ನಿಯಮವಿದೆ

ದಿನಕ್ಕೆ 9 ತಾಸು ಎಂದು ಮೇಲೆ ಓದಿದಿರಿ. 1965ರ ಅದೇ ನಿಯಮದಲ್ಲಿ ಇನ್ನೆರಡು ಮಾತು ಇವೆ. ವಿಶ್ರಾಂತಿ ಕೊಡದೆ ಒಂದೇ ಸಮನೆ 5 ತಾಸಿಗಿಂತ ಹೆಚ್ಚು ಹೊಡೆಯಬಾರದು. ಬಿಸಿಲು 37 ಡಿಗ್ರಿ ದಾಟಿದಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಹೊಡೆಯಬಾರದು. ಸೊಲ್ಲಾಪುರದ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಹೊತ್ತಿನಲ್ಲಿ ನೆರಳಿಗೆ ಕಟ್ಟಿ ನೀರು ತೋರಿಸಿರಿ.

ಇಷ್ಟೆಲ್ಲ ಓದಿ ನೋಡಿದ ಮೇಲೂ ಮಾರಬೇಕು ಅನಿಸಿದರೆ ಮಾರಿರಿ. ಆಗ ನಿಮ್ಮ ವಹಿಯಲ್ಲಿ ಪಟ್ಟಿ ಇರುತ್ತದೆ. ಗಾಲಿ ಗಟ್ಟಿ, ಗುಂಬ ಗಟ್ಟಿ ಎಂದು ಗೊತ್ತಿರುತ್ತದೆ. ಕಟ್ಟಿಗೆಯ ದರಕ್ಕೆ ಕೊಡುವ ಗರಜು ಬೀಳುವುದಿಲ್ಲ. ಇಟ್ಟುಕೊಂಡರೆ ಬರುವ ಎಳ್ಳ ಅಮಾಸಿಗೆ ಅದರಲ್ಲೇ ಹೊಲಕ್ಕೆ ಹೋಗಿರಿ. ಹಿಂದಿನ ಎರಡು ಕೆಂಪು ಗುರುತು ಮಾತ್ರ ಮರೆಯಬೇಡಿರಿ.

ಪದ ಕಲಿಯೋಣ (ಕನ್ನಡ – ಮರಾಠಿ)

ಚಕ್ಕಡಿ – ಬೈಲಗಾಡಿ
ಗಾಲಿ – ಚಾಕ
ಅರ – ಆರಾ
ಹಳಿ – ಧಾವ
ನೊಗ – ಜೂ
ಬಡಿಗೇರ – ಸುತಾರ
ಕಂಬಾರ – ಲೋಹಾರ

ಉತ್ತರ ಬರೆಯಿರಿ

1. ಹಳೆಯ ಚಕ್ಕಡಿಯನ್ನು ಬೇಸಿಗೆಯಲ್ಲಿ ಯಾಕೆ ನೋಡಬೇಕು?
2. ಕಾದ ಹಳಿಯ ಮೇಲೆ ನೀರು ಹೊಯ್ಯುವುದು ಯಾತಕ್ಕೆ?
3. ಬಣ್ಣವನ್ನು ಕಡೆಗೆ ಹಚ್ಚಬೇಕು. ಕಾರಣವೇನು?
4. ನಿಮ್ಮ ಊರಿನಿಂದ ಸೊಲ್ಲಾಪುರ ಎಷ್ಟು ಕಿ.ಮೀ.? ಚಕ್ಕಡಿಗೆ ಎಷ್ಟು ತಾಸು? ಎಷ್ಟು ರಾತ್ರಿ ವಸ್ತಿ ಮಾಡಬೇಕು?

ಮಾಡಿ ನೋಡಿರಿ

ನಿಮ್ಮ ಓಣಿಯಲ್ಲಿ ಒಂದು ಹಳೆಯ ಚಕ್ಕಡಿ ಹುಡುಕಿರಿ. ಮನೆಯ ಹಿರಿಯರನ್ನು ಕೇಳಿ ಅದರ ಪ್ರತಿ ಭಾಗದ ಹೆಸರು ಬರೆಯಿರಿ. ಒಂದೊಂದು ಊರಿಗೆ ಒಂದೊಂದು ಹೆಸರು ಇರಬಹುದು, ಅದನ್ನೂ ಬರೆಯಿರಿ. ಮುಂದಿನ ವಾರ ಕೇಂದ್ರಕ್ಕೆ ತಂದು ಎಲ್ಲರಿಗೂ ಓದಿ ಹೇಳಿರಿ.